ಚುಕ್ಕಾಣಿಗೆ ಕೈ ಬೇಕಾ, ಮಂಜಿಗೆ ಕಣ್ಣು ಬೇಕಾ? ಸಣ್ಣ ದೋಣಿಗೆ ಆಟೋಪೈಲಟ್ ಮತ್ತು ರೇಡಾರ್

ಸಣ್ಣ ಹಾಯಿದೋಣಿ ಇಟ್ಟುಕೊಂಡವರು ದಡದ ಹತ್ತಿರ ಸುತ್ತಾಡಿ ಸಾಕಾಗಿ, ಒಂದು ರಾತ್ರಿ ಎರಡು ರಾತ್ರಿಯ ದಾರಿ ಹಿಡಿಯುವ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಕೈಯಲ್ಲಿರುವ ದುಡ್ಡು ಒಂದಕ್ಕೆ ಸಾಕು, ಎರಡಕ್ಕೆ ಸಾಲದು. ತಾನೇ ಚುಕ್ಕಾಣಿ ಹಿಡಿಯುವ ಆಟೋಪೈಲಟ್ ಹಾಕಿಸೋದಾ, ರೇಡಿಯೋ ಅಲೆ ಕಳಿಸಿ ಕತ್ತಲಲ್ಲೂ ಮಂಜಲ್ಲೂ ಸುತ್ತ ಏನಿದೆ ಅಂತ ತೋರಿಸುವ ರೇಡಾರ್ ಹಾಕಿಸೋದಾ? ಯಾರನ್ನೇ ಕೇಳಿ, ತಮಗೆ ಹಿಂದೆ ಯಾವುದು ಹೆದರಿಕೆ ಹುಟ್ಟಿಸಿತ್ತೋ ಅದಕ್ಕೇ ಮದ್ದು ಹೇಳುತ್ತಾರೆ. ಮಂಜಿನಲ್ಲಿ ಸಿಕ್ಕಿಕೊಂಡವರು ರೇಡಾರ್ ಅಂತಾರೆ. ರಾತ್ರಿಯಿಡೀ ಚುಕ್ಕಾಣಿ ಹಿಡಿದು ಭುಜ ಬಿದ್ದುಹೋದವರು ಆಟೋಪೈಲಟ್ ಅಂತಾರೆ.

ನಾನು ಎರಡನೇ ಗುಂಪಿನವನು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ನನ್ನ ಮಾತನ್ನು ಎಷ್ಟು ನಂಬಬೇಕು ಅಂತ ನೀವೇ ತೂಗಿ ನೋಡಿ. ನನ್ನ ಉತ್ತರ ಹೊಂದದ ದೋಣಿಗಳೂ ಇವೆ. ಅವುಗಳ ವಿಷಯವನ್ನೂ ಮುಂದೆ ಹೇಳುತ್ತೇನೆ. ಇಲ್ಲಿ ಸಣ್ಣ ದೋಣಿ ಅಂದರೆ 8ರಿಂದ 12 ಮೀಟರ್ ಉದ್ದದ್ದು, 12 ವೋಲ್ಟ್ ಬ್ಯಾಟರಿ ಇರುವಂಥದ್ದು, ಒಬ್ಬರೋ ಇಬ್ಬರೋ ನಡೆಸುವಂಥದ್ದು ಅಂತ ಇಟ್ಟುಕೊಳ್ಳಿ.

ಕ್ಯಾಟಲಾಗ್ ತೆಗೆಯುವ ಮುಂಚೆ

ಯಂತ್ರದ ಬಗ್ಗೆ ಯೋಚಿಸುವ ಮೊದಲು ನಿಮ್ಮ ದೋಣಿಯ ಬಗ್ಗೆ ಕೆಲವು ಪ್ರಶ್ನೆ ಕೇಳಿಕೊಳ್ಳಬೇಕು. ಬ್ರ್ಯಾಂಡ್ ಯಾವುದು, ಸ್ಕ್ರೀನ್ ಎಷ್ಟು ಇಂಚು ಅನ್ನೋದೆಲ್ಲ ಆಮೇಲೆ.

ಮೊದಲನೆಯದು, ದಾರಿಯುದ್ದಕ್ಕೂ ಎಷ್ಟು ಜನ ಎಚ್ಚರವಾಗಿರುತ್ತಾರೆ? ದೋಣಿಯಲ್ಲಿ ಎಷ್ಟು ಜನ ಇದ್ದಾರೆ ಅಂತಲ್ಲ. ಗಂಡ ಹೆಂಡತಿ ಇಬ್ಬರೇ ಹೋದರೆ ರಾತ್ರಿ ಎಚ್ಚರ ಇರೋದು ಒಬ್ಬರೇ. ಅಂದರೆ ರಾತ್ರಿ ಹೊತ್ತು ಅದು ಒಂಟಿ ದೋಣಿಯೇ. ಎರಡನೆಯದು, ನೀವು ಓಡಾಡುವ ನೀರು ಎಂಥದ್ದು? ಮಂಜು ಬೀಳುತ್ತದಾ, ರಾತ್ರಿ ಮಳೆಗಾಳಿ ದಿಢೀರನೆ ಬರುತ್ತದಾ, ದೊಡ್ಡ ಹಡಗುಗಳ ದಾರಿಯಾ, ಮೀನುಗಾರರ ದೋಣಿಗಳು ಜಾಸ್ತಿಯಾ? ಮೂರನೆಯದು, ಒಂದು ಸಲಕ್ಕೆ ಎಷ್ಟು ಗಂಟೆ ಹೋಗುತ್ತೀರಿ? ನಾಲ್ಕು ಗಂಟೆ ಚುಕ್ಕಾಣಿ ಹಿಡಿಯೋದು ಖುಷಿ. ಹದಿನಾಲ್ಕು ಗಂಟೆ ಹಿಡಿಯೋದು ಕೂಲಿ.

ಇನ್ನು ಬ್ಯಾಟರಿ ಎಷ್ಟಿದೆ, ಅದನ್ನು ತುಂಬಿಸುವ ದಾರಿ ಏನು ಅನ್ನೋದು ನಾಲ್ಕನೆಯದು. ಯಂತ್ರ ನಡುದಾರಿಯಲ್ಲಿ ಕೈಕೊಟ್ಟರೆ ನಿಮ್ಮ ಗತಿ ಏನು ಅನ್ನೋದು ಐದನೆಯದು. ದುಡ್ಡನ್ನು ನಾನು ಬೇಕಂತಲೇ ಕೊನೆಗೆ ಇಟ್ಟಿದ್ದೇನೆ. ಬೆಲೆಪಟ್ಟಿಯಲ್ಲಿ ಕಾಣುವ ಅಂಕಿ ಯಾವತ್ತೂ ಪೂರ್ತಿ ಖರ್ಚಲ್ಲ. ಕಂಬ, ಕೇಬಲ್, ಸ್ಕ್ರೀನ್, ಇನ್ನೊಂದು ಬ್ಯಾಟರಿ ಅಂತ ಬಾಲ ಬೆಳೆಯುತ್ತಲೇ ಹೋಗುತ್ತದೆ.

ಒಂದು ರಾತ್ರಿಯ ಕಥೆ

ನನ್ನ ದೋಣಿಯಲ್ಲಿ ಆಗ ಎರಡೂ ಇರಲಿಲ್ಲ. ಇಬ್ಬರೇ ಹೋಗಿದ್ದೆವು, ಮೂರು ಮೂರು ಗಂಟೆಯ ಪಾಳಿ. ನಡುರಾತ್ರಿ ದಾಟಿತ್ತು, ಗಾಳಿ ಹಿಂದಿನಿಂದ, ತೆರೆ ಓರೆಯಾಗಿ ಬಂದು ಹಿಂಭಾಗವನ್ನು ಎತ್ತಿ ಎತ್ತಿ ತಿರುಗಿಸುತ್ತಿತ್ತು. ಹಿಂಗಾಳಿಯಲ್ಲಿ ದಿಕ್ಕು ತಪ್ಪಿದರೆ ಹಾಯಿ ಆ ಕಡೆಯಿಂದ ಈ ಕಡೆಗೆ ರಪ್ಪನೆ ಬಡಿಯುತ್ತದೆ. ಅದಕ್ಕೆ ದಿಕ್ಸೂಚಿಯ ಕೆಂಪು ದೀಪದ ಮೇಲೆಯೇ ನನ್ನ ಕಣ್ಣು. 210, 215, 205, ಮತ್ತೆ 210. ತಲೆ ಎತ್ತಿದಾಗ ಹಸಿರು ದೀಪ, ಅದರ ಕೆಳಗೆ ಬಿಳಿ ದೀಪ, ಕಲ್ಲೆಸೆದರೆ ತಾಗುವಷ್ಟು ಹತ್ತಿರ. ಬಲೆ ಎಳೆಯುತ್ತಿದ್ದ ಟ್ರಾಲರ್. ಎಂಜಿನ್ನಿನ ಸದ್ದೂ ಕೇಳಿಸುತ್ತಿತ್ತು. ಎಷ್ಟು ಹೊತ್ತಿನಿಂದ ಕೇಳಿಸುತ್ತಿತ್ತೋ, ನನಗೆ ಗೊತ್ತೇ ಆಗಿರಲಿಲ್ಲ.

ಟಿಲ್ಲರನ್ನು, ಅಂದರೆ ಚುಕ್ಕಾಣಿಯ ಹಿಡಿಕೋಲನ್ನು, ಪೂರ್ತಿ ದೂಡಿ ತಪ್ಪಿಸಿಕೊಂಡೆ. ಬೆಳಗಾದ ಮೇಲೆ ಇಬ್ಬರೂ ಸೇರಿ, ರೇಡಾರ್ ತಗೋಲೇಬೇಕು ಅಂತ ತೀರ್ಮಾನ ಮಾಡಿದೆವು. ಒಂದು ವಾರ ಕಳೆದ ಮೇಲೆ ತಲೆ ತಣ್ಣಗಾಯಿತು. ಆ ರಾತ್ರಿ ಆಕಾಶ ಸ್ವಚ್ಛವಾಗಿತ್ತು. ಟ್ರಾಲರ್‌ನ ದೀಪ ಮೈಲಿಗಟ್ಟಲೆ ದೂರದಿಂದ ಬರಿಗಣ್ಣಿಗೇ ಕಾಣಬೇಕಿತ್ತು. ನೋಡುವವರು ಯಾರೂ ಇರಲಿಲ್ಲ, ಅಷ್ಟೇ. ರೇಡಾರ್ ಇದ್ದಿದ್ದರೆ ಅದರ ಸ್ಕ್ರೀನನ್ನು ಯಾರು ನೋಡುತ್ತಿದ್ದರು? ನನ್ನ ಎರಡು ಕಣ್ಣೂ ದಿಕ್ಸೂಚಿಗೆ ಅಂಟಿಕೊಂಡಿದ್ದವಲ್ಲ.

ಆಟೋಪೈಲಟ್: ಊಟ ನಿದ್ದೆ ಕೇಳದ ಆಳು

ಕೆಲಸ ಸರಳ. ಒಂದು ಸೆನ್ಸರ್ ದೋಣಿ ಯಾವ ದಿಕ್ಕಿಗೆ ಮುಖ ಮಾಡಿದೆ ಅಂತ ನೋಡುತ್ತದೆ, ಒಂದು ಪುಟ್ಟ ಕಂಪ್ಯೂಟರ್ ಎಷ್ಟು ತಿರುಗಿಸಬೇಕು ಅಂತ ಲೆಕ್ಕ ಹಾಕುತ್ತದೆ, ಒಂದು ಮೋಟಾರ್ ಚುಕ್ಕಾಣಿಯನ್ನು ತಳ್ಳುತ್ತದೆ, ಎಳೆಯುತ್ತದೆ. ಈ ಲೆಕ್ಕದ ಹಿಂದೆ ಒಂದು ಚೆಂದದ ಕಥೆ ಇದೆ. ನಿಕೊಲಾಸ್ ಮಿನೋರ್ಸ್ಕಿ ಅನ್ನುವ ಎಂಜಿನಿಯರ್ ಪಳಗಿದ ಚುಕ್ಕಾಣಿಗಾರರು ಏನು ಮಾಡುತ್ತಾರೆ ಅಂತ ಗಮನಿಸಿ, 1922ರಲ್ಲಿ ಅದನ್ನು ಗಣಿತವಾಗಿ ಬರೆದ. ಈಗ ಎಷ್ಟು ತಪ್ಪಿದೆ ಅನ್ನೋದನ್ನಷ್ಟೇ ಅಲ್ಲ, ಎಷ್ಟು ಬೇಗ ತಪ್ಪುತ್ತಿದೆ, ಎಷ್ಟು ಹೊತ್ತಿನಿಂದ ತಪ್ಪಿದೆ ಅನ್ನೋದನ್ನೂ ಒಳ್ಳೆಯ ಚುಕ್ಕಾಣಿಗಾರ ನೋಡುತ್ತಾನೆ. ಇವತ್ತು ಕಾರ್ಖಾನೆಗಳಲ್ಲಿ ಬಿಸಿ, ಒತ್ತಡ, ವೇಗ ಕಾಯುವ ಎಷ್ಟೋ ಯಂತ್ರಗಳ ಒಳಗೆ ಇರೋದು ಇದೇ ಲೆಕ್ಕ.

ಸಣ್ಣ ದೋಣಿಗೆ ಸಿಗುವ ಬಗೆಗಳು ಮುಖ್ಯವಾಗಿ ಮೂರು. ಟಿಲ್ಲರ್ ಇರುವ ದೋಣಿಗೆ ಟಿಲ್ಲರ್ ಪೈಲಟ್. ಕೈಯುದ್ದದ ಒಂದು ಕೋಲು, ಒಂದು ತುದಿ ಟಿಲ್ಲರ್‌ಗೆ, ಇನ್ನೊಂದು ತುದಿ ಕಾಕ್‌ಪಿಟ್‌ನ, ಅಂದರೆ ಚುಕ್ಕಾಣಿ ಹಿಡಿದವರು ಕೂರುವ ಜಾಗದ, ಬದಿಗೆ. ಬೇಡದಾಗ ಕಿತ್ತು ಒಳಗಿಡಬಹುದು. ಕೂರಿಸಲು ಒಂದು ಮಧ್ಯಾಹ್ನ ಸಾಕು. ಈ ಮೂರರಲ್ಲಿ ಅಗ್ಗದ್ದು ಇದೇ. ವೀಲ್ ಇರುವ ದೋಣಿಗೆ ವೀಲ್‌ಗೇ ಸಿಕ್ಕಿಸುವ ಬೆಲ್ಟ್ ಇರುವ ವೀಲ್ ಪೈಲಟ್. ಮೂರನೆಯದು ಡೆಕ್ಕಿನ ಕೆಳಗೆ ಚುಕ್ಕಾಣಿಗೇ ನೇರವಾಗಿ ಜೋಡಿಸುವಂಥದ್ದು. ಬಲ ಜಾಸ್ತಿ, ಆಯುಸ್ಸು ಜಾಸ್ತಿ, ಖರ್ಚೂ ಜಾಸ್ತಿ. ಒಂದು ಸಣ್ಣ ರೇಡಾರ್‌ಗಿಂತ ಹೆಚ್ಚು ದುಡ್ಡು ಇದಕ್ಕೇ ಹೋಗಬಹುದು.

ಇಲ್ಲಿ ಜನ ಮಾಡುವ ದೊಡ್ಡ ತಪ್ಪು ಅಂದರೆ ದೋಣಿಯ ಉದ್ದ ನೋಡಿ ಕೊಳ್ಳೋದು. ನೋಡಬೇಕಾದ್ದು ತೂಕ. ರೇಮರೀನ್ ಎಸ್‌ಟಿ1000 ಪ್ಲಸ್ ಅನ್ನುವ ಟಿಲ್ಲರ್ ಪೈಲಟ್‌ನ ಮಿತಿ 3000 ಕಿಲೋ, ಅದರ ಅಣ್ಣ ಎಸ್‌ಟಿ2000 ಪ್ಲಸ್‌ನದ್ದು 4500 ಕಿಲೋ. ಈ ಅಂಕಿಗೆ ಹೋಲಿಸಬೇಕಾದ್ದು ಖಾಲಿ ದೋಣಿಯ ತೂಕ ಅಲ್ಲ. ನೀರು, ಡೀಸೆಲ್, ಲಂಗರಿನ ಸರಪಳಿ, ಸಾಮಾನು, ಜನ ಎಲ್ಲ ಸೇರಿದ ತೂಕ. ಖಾಲಿ ತೂಕಕ್ಕೆ ಕಡಿಮೆ ಅಂದರೂ ಶೇ. 20 ಸೇರಿಸಿಕೊಳ್ಳಿ. ಮಿತಿಯ ಅಂಚಿಗೆ ಬಂದಿದ್ದರೆ ಒಂದು ಮೆಟ್ಟಿಲು ದೊಡ್ಡದನ್ನೇ ತಗೊಳ್ಳಿ. ನೀರು ಸುಮ್ನಿದ್ದಾಗ ಎಲ್ಲ ಪೈಲಟ್‌ಗಳೂ ಜಾಣರೇ. ಹಿಂದಿನಿಂದ ತೆರೆ ಬಂದಾಗಲೇ ಯಾವುದಕ್ಕೆ ಬಲ ಸಾಲದು ಅಂತ ಗೊತ್ತಾಗೋದು, ಮತ್ತು ನಿಮಗೆ ಅದು ಬೇಕಾಗಿರೋದೂ ಆಗಲೇ.

ಪೈಲಟ್ ಒದ್ದಾಡುತ್ತಿದ್ದರೆ ಎಲ್ಲ ತಪ್ಪೂ ಅದರದ್ದಲ್ಲ. ಹಾಯಿ ಜಾಸ್ತಿ ಬಿಚ್ಚಿದ್ದರೆ ದೋಣಿ ಗಾಳಿಯ ಕಡೆಗೆ ಮೂತಿ ತಿರುಗಿಸಲು ಹಟ ಹಿಡಿಯುತ್ತದೆ. ನೀವು ಕೈಯಿಂದ ಹಿಡಿದಾಗ ಬೈದುಕೊಂಡು ಎಳೆಯುತ್ತೀರಿ, ಪೈಲಟ್ ಬ್ಯಾಟರಿ ತಿಂದುಕೊಂಡು ಎಳೆಯುತ್ತದೆ. ಒಂದು ಮಡಿಕೆ ಹಾಯಿ ಕಡಿಮೆ ಮಾಡಿದರೆ ಇಬ್ಬರಿಗೂ ಸುಖ.

ಇದರ ಕೆಟ್ಟ ಗುಣಗಳೂ ಇವೆ. ಟಿಲ್ಲರ್ ಪೈಲಟ್ ಒಳಗೆ ನೀರು ಇಳಿಯುತ್ತದೆ, ಪ್ಲಗ್‌ನ ಪಿನ್ನುಗಳಿಗೆ ಉಪ್ಪು ಹಿಡಿಯುತ್ತದೆ. ಸೆನ್ಸರ್ ಹತ್ತಿರ ಕಬ್ಬಿಣ ಇಟ್ಟರೆ ದಿಕ್ಕು ತಪ್ಪುತ್ತದೆ. ಒಮ್ಮೆ ಗೆಳೆಯನೊಬ್ಬ ಎಂಜಿನ್ ಕೆಲಸ ಮುಗಿಸಿ ಪಾನಾಗಳ ಚೀಲವನ್ನು ಸೀಟಿನ ಕೆಳಗಿನ ಗೂಡಿಗೆ ತುರುಕಿದ. ದಿಕ್ಸೂಚಿ ಸೆನ್ಸರ್ ಇದ್ದದ್ದು ಆ ಗೂಡಿನ ಹಲಗೆಯ ಆಚೆ ಬದಿಗೆ. ದೋಣಿ ತಣ್ಣಗೆ, ಒಂದು ಮಾತೂ ಆಡದೆ, 30 ಡಿಗ್ರಿ ಪಕ್ಕಕ್ಕೆ ಹೊರಟುಬಿಟ್ಟಿತು. ಕಾರಣ ಹುಡುಕಲು ನಮಗೆ ಅರ್ಧ ಗಂಟೆ ಹಿಡಿಯಿತು.

ಎಲ್ಲಕ್ಕಿಂತ ದೊಡ್ಡ ಅಪಾಯ ಬೇರೆಯೇ ಇದೆ. ನೀವು ನೀರಿಗೆ ಬಿದ್ದರೆ ಆಟೋಪೈಲಟ್‌ಗೆ ಅದು ಗೊತ್ತಾಗುವುದಿಲ್ಲ. ಹೇಳಿದ ದಿಕ್ಕಿಗೆ ಹೇಳಿದ ಹಾಗೆ ಹೋಗುತ್ತಲೇ ಇರುತ್ತದೆ. ಒಬ್ಬರೇ ಮೇಲಿದ್ದಾಗ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳದೆ ಪೈಲಟ್ ಹಾಕಬಾರದು. ಈ ವಿಷಯದಲ್ಲಿ ನನ್ನ ದೋಣಿಯಲ್ಲಿ ಚರ್ಚೆಗೆ ಜಾಗ ಇಲ್ಲ.

ಕರೆಂಟೇ ಬೇಡದ ದಾರಿಯೂ ಒಂದಿದೆ, ದೋಣಿಯ ಹಿಂಭಾಗಕ್ಕೆ ಕಟ್ಟುವ ಗಾಳಿಪಟ್ಟಿ, ಅಂದರೆ ವಿಂಡ್‌ವೇನ್. ಗಾಳಿ ಯಾವ ಕೋನದಿಂದ ಬರುತ್ತದೋ ಅದಕ್ಕೆ ತಕ್ಕಂತೆ ಚುಕ್ಕಾಣಿ ತಿರುಗಿಸುತ್ತದೆ. 1960ರಲ್ಲಿ ಅಟ್ಲಾಂಟಿಕ್ ದಾಟುವ ಮೊದಲ ಒಂಟಿ ನಾವಿಕರ ಪಂದ್ಯದಲ್ಲಿ ಬ್ಲಾಂಡಿ ಹ್ಯಾಸ್ಲರ್ ಅನ್ನುವ ಬ್ರಿಟಿಷ್ ನಾವಿಕ ತಾನೇ ಮಾಡಿಕೊಂಡ ಇಂಥ ಸಾಧನದ ಜೊತೆ ಪುಟ್ಟ ಜೆಸ್ಟರ್ ದೋಣಿಯಲ್ಲಿ 48 ದಿನಕ್ಕೆ ದಾಟಿದ. ಹೈಡ್ರೋವೇನ್, ಮಾನಿಟರ್, ಏರಿಸ್ ಇವೆಲ್ಲ ಆ ಜಾತಿಯವೇ. ಗಾಳಿ ಹೆಚ್ಚಿದಷ್ಟೂ ಇದರ ಬಲವೂ ಹೆಚ್ಚುತ್ತದೆ, ಒಂದು ಆಂಪಿಯರ್ ಕರೆಂಟೂ ತಿನ್ನುವುದಿಲ್ಲ. ಆದರೆ ಎಂಜಿನ್ ಮೇಲೆ ಹೋಗುವಾಗ ಕೆಲಸಕ್ಕೆ ಬಾರದು, ಗಾಳಿ ತಿರುಗಿದರೆ ದೋಣಿಯೂ ಜೊತೆಗೇ ತಿರುಗುತ್ತದೆ. ವಾರಗಟ್ಟಲೆ ಸಾಗರದಲ್ಲಿ ಇರುವವರಿಗೆ ಇದು ಬಂಗಾರ. ದಡದುದ್ದಕ್ಕೂ ಹೋಗುವವರಿಗೆ ಸುಮ್ನೆ ಭಾರ.

ರೇಡಾರ್: ದೂರದ ಕಣ್ಣು, ಆದರೆ ಪಾಠ ಕಲಿಯಬೇಕು

ಇದನ್ನು ವಿಮಾನ ಹುಡುಕಲು, ಯುದ್ಧಕ್ಕೆ ಕಂಡುಹಿಡಿದದ್ದು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅದಕ್ಕೂ ಎಷ್ಟೋ ಮೊದಲು, 1904ರಲ್ಲೇ, ಕ್ರಿಸ್ಟಿಯನ್ ಹ್ಯೂಲ್ಸ್‌ಮಾಯರ್ ಅನ್ನುವ ಜರ್ಮನ್ ಇದರ ತಾತ ಅನ್ನಬಹುದಾದ ಯಂತ್ರಕ್ಕೆ ಪೇಟೆಂಟ್ ತಗೊಂಡಿದ್ದ. ಮಂಜಿನಲ್ಲಿ ಹಡಗುಗಳು ಒಂದಕ್ಕೊಂದು ಗುದ್ದದೇ ಇರಲಿ ಅನ್ನೋದೇ ಅವನ ಉದ್ದೇಶ. ಆಗ ಯಾರೂ ಕೊಳ್ಳಲಿಲ್ಲ. ಆದರೂ ರೇಡಾರ್‌ನ ನಿಜವಾದ ಬೆಲೆ ಇವತ್ತಿಗೂ ಅಲ್ಲೇ ಇದೆ.

ಒಂದು ಲೆಕ್ಕ ನೋಡಿ. ಎದುರಿಂದ 20 ನಾಟ್ (ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ) ವೇಗದಲ್ಲಿ ಹಡಗು ಬರುತ್ತಿದೆ, ನೀವು 5 ನಾಟ್‌ನಲ್ಲಿ ಹೋಗುತ್ತಿದ್ದೀರಿ. ಇಬ್ಬರ ನಡುವಿನ ಅಂತರ ಗಂಟೆಗೆ 25 ನಾಟಿಕಲ್ ಮೈಲಿಯಂತೆ ಕರಗುತ್ತದೆ. ಮಂಜಿನಲ್ಲಿ ಕಾಲು ನಾಟಿಕಲ್ ಮೈಲಿ ಮಾತ್ರ ಕಾಣುತ್ತಿದ್ದರೆ, ಹಡಗು ಕಣ್ಣಿಗೆ ಬಿದ್ದ ಮೇಲೆ ನಿಮಗೆ ಉಳಿಯೋದು 36 ಸೆಕೆಂಡ್. ಅದೇ ಹಡಗು ರೇಡಾರ್‌ನಲ್ಲಿ 6 ಮೈಲಿ ದೂರಕ್ಕೇ ಕಂಡಿದ್ದರೆ 14 ನಿಮಿಷಕ್ಕೂ ಜಾಸ್ತಿ. ಮಂಜಿನಲ್ಲಿ ಆಟೋಪೈಲಟ್ ಎಷ್ಟೇ ನೇರಕ್ಕೆ ಹೋಗಲಿ, ಈ ಹೊತ್ತನ್ನು ಕೊಡಲಾರದು.

ಮಂಜು ಒಂದೇ ಅಲ್ಲ. ರಾತ್ರಿ ಮಳೆಗಾಳಿಯ ಮೋಡ ಬರುತ್ತಿರೋದು, ಅದು ಎಷ್ಟು ಅಗಲ, ಯಾವ ಕಡೆ ಸರಿಯುತ್ತಿದೆ ಅನ್ನೋದೆಲ್ಲ ಸ್ಕ್ರೀನಿನಲ್ಲಿ ಕಲೆಯ ಹಾಗೆ ಕಾಣುತ್ತದೆ. ಮುಂಚೆಯೇ ಹಾಯಿ ಇಳಿಸಬಹುದು, ಇಲ್ಲಾ ಪಕ್ಕಕ್ಕೆ ಸರಿದು ಮೋಡವನ್ನು ಕಳಿಸಬಹುದು. ದಡ ನಿಜವಾಗಿ ಎಲ್ಲಿದೆ ಅಂತಲೂ ಹೇಳುತ್ತದೆ. ಹಳೆಯ ನಕ್ಷೆಗೂ ಜಿಪಿಎಸ್‌ಗೂ ಹೊಂದಾಣಿಕೆ ಇಲ್ಲದ ಕಡೆ ಇದೊಂದು ದೊಡ್ಡ ಧೈರ್ಯ.

ಈಗ ಮಿತಿಗಳು. ಡೋಮ್ ಅಂದರೆ ರೇಡಾರ್‌ನ ಆಂಟೆನಾ ಒಳಗಿರುವ ದುಂಡು ಪೆಟ್ಟಿಗೆ. ಸಣ್ಣ ದೋಣಿಯ 18 ಇಂಚಿನ ಡೋಮ್‌ನ ಕಿರಣ ಸುಮಾರು 5 ಡಿಗ್ರಿ ಅಗಲ. ಒಂದು ನಾಟಿಕಲ್ ಮೈಲಿ ದೂರದಲ್ಲಿ ಅದು 160 ಮೀಟರ್ ಆಗುತ್ತದೆ. ಅಷ್ಟರೊಳಗೆ ಅಕ್ಕಪಕ್ಕ ಎರಡು ದೋಣಿ ಇದ್ದರೆ ಒಂದೇ ಚುಕ್ಕೆ. ಬಂದರಿನ ಬಾಯಿ ಕಿರಿದಾಗಿದ್ದರೆ ದೂರದಿಂದ ಅದು ಮುಚ್ಚಿಹೋದ ಹಾಗೇ ಕಾಣುತ್ತದೆ. 24 ಇಂಚಿನದ್ದರಲ್ಲಿ ಸುಮಾರು 4 ಡಿಗ್ರಿ, ಸ್ವಲ್ಪ ವಾಸಿ. ಪೆಟ್ಟಿಗೆಯ ಮೇಲೆ 24 ಮೈಲಿ, 36 ಮೈಲಿ ಅಂತ ಬರೆದಿರೋದನ್ನು ನೋಡಿ ಮರುಳಾಗಬೇಡಿ. ಭೂಮಿ ದುಂಡಗಿದೆ. ಡೋಮ್ 4 ಮೀಟರ್ ಎತ್ತರದಲ್ಲಿದ್ದು, ಎದುರಿನ ಹಡಗು 16 ಮೀಟರ್ ಎತ್ತರ ಇದ್ದರೆ 13 ಮೈಲಿಯ ಆಸುಪಾಸಿನಲ್ಲಿ ಅದು ದಿಗಂತದ ಮೇಲೆ ಬರುತ್ತದೆ. ಸಣ್ಣ ಮರದ ದೋಣಿ, ಫೈಬರ್ ದೋಣಿ ಎರಡು ಮೂರು ಮೈಲಿಗೆ ಕಂಡರೆ ಪುಣ್ಯ. ತೆರೆ ಜೋರಿದ್ದರೆ ತೆರೆಯ ಪ್ರತಿಫಲನದಲ್ಲೇ ಅದು ಕಳೆದುಹೋಗುತ್ತದೆ.

ಹಾಯಿದೋಣಿಗೆ ಇನ್ನೊಂದು ತೊಡಕಿದೆ. ಕಿರಣ ಮೇಲೆ ಕೆಳಗೆ ಸುಮಾರು 25 ಡಿಗ್ರಿ ಹರಡಿರುತ್ತದೆ, ಅಂದರೆ ನೇರದಿಂದ ಆ ಕಡೆ ಈ ಕಡೆ ಹನ್ನೆರಡು ಚಿಲ್ಲರೆ. ದೋಣಿ 20 ಡಿಗ್ರಿ ವಾಲಿಕೊಂಡು ಹೋಗುವಾಗ ಒಂದು ಬದಿಯ ಕಿರಣ ಆಕಾಶ ನೋಡುತ್ತದೆ, ಇನ್ನೊಂದು ಬದಿಯದ್ದು ನೀರು ನೋಡುತ್ತದೆ. ಡೋಮನ್ನು ಮಟ್ಟವಾಗಿ ಇಡುವ ಸ್ಟ್ಯಾಂಡ್ ಸಿಗುತ್ತದೆ, ಅದಕ್ಕೆ ಬೇರೆ ದುಡ್ಡು. ಹಾಯಿಕಂಬದ ಮೇಲೆ ಹಾಕಿದರೆ ದೂರ ಕಾಣುತ್ತದೆ, ಆದರೆ ಭಾರ ಮೇಲೇರುತ್ತದೆ, ಹಗ್ಗಗಳು ಸಿಕ್ಕಿಕೊಳ್ಳುತ್ತವೆ, ರಿಪೇರಿಗೆ ಕಂಬ ಹತ್ತಬೇಕು. ಹಿಂಭಾಗದಲ್ಲಿ ಬೇರೆ ಕಂಬ ನಿಲ್ಲಿಸಿದರೆ ಕೈಗೆ ಸಿಗುತ್ತದೆ. ಅಲ್ಲಿ ಜನರ ತಲೆಗಿಂತ ಎತ್ತರದಲ್ಲಿ ಇರುವ ಹಾಗೆ ನೋಡಿಕೊಳ್ಳಿ.

ಹೊಸ ಡೋಮ್‌ಗಳಲ್ಲಿ ಅಲೆ ಹುಟ್ಟಿಸುವ ಹಳೆಯ ಕೊಳವೆ, ಅಂದರೆ ಮ್ಯಾಗ್ನೆಟ್ರಾನ್, ಇಲ್ಲ. ರೇಮರೀನ್ ಕ್ವಾಂಟಮ್, ಸಿಮ್ರಾಡ್ ಹೇಲೋ, ಫುರುನೋ ಎನ್‌ಎಕ್ಸ್‌ಟಿ, ಗಾರ್ಮಿನ್ ಫ್ಯಾಂಟಮ್ ಎಲ್ಲ ಸಾಲಿಡ್ ಸ್ಟೇಟ್, ಅಂದರೆ ಕೊಳವೆಯ ಬದಲು ಟ್ರಾನ್ಸಿಸ್ಟರ್‌ನಿಂದ ನಡೆಯುವಂಥವು. ಹಳೆಯದರ ಹಾಗೆ ಒಂದೂವರೆ ನಿಮಿಷ ಬಿಸಿಯಾಗಲಿ ಅಂತ ಕಾಯಬೇಕಿಲ್ಲ, ಹತ್ತಿರದ ವಸ್ತು ಚೆನ್ನಾಗಿ ಕಾಣುತ್ತದೆ, ಕರೆಂಟ್ ಕಡಿಮೆ. ಕೆಲವದರಲ್ಲಿ ನಿಮ್ಮ ಕಡೆಗೆ ಬರುತ್ತಿರುವುದನ್ನು ಬೇರೆ ಬಣ್ಣದಲ್ಲಿ ತೋರಿಸುವ ಡಾಪ್ಲರ್ ಇದೆ. ಹೊಸಬರಿಗೆ ಅದರಿಂದ ನಿಜವಾಗಿಯೂ ಉಪಯೋಗ.

ಬಣ್ಣ ಇದ್ದರೂ ಕಲಿಯಲೇಬೇಕು. 1956ರ ಜುಲೈ 25ರ ರಾತ್ರಿ ಅಮೆರಿಕದ ನ್ಯಾಂಟಕೆಟ್ ದ್ವೀಪದ ಹತ್ತಿರ ಆಂಡ್ರಿಯಾ ಡೋರಿಯಾ ಮತ್ತು ಸ್ಟಾಕ್‌ಹೋಮ್ ಅನ್ನುವ ಎರಡು ಪ್ರಯಾಣಿಕರ ಹಡಗುಗಳು ಡಿಕ್ಕಿಯಾಗಿ 51 ಜನ ಸತ್ತರು. ಎರಡರಲ್ಲೂ ರೇಡಾರ್ ಇತ್ತು. ಎರಡೂ ಒಂದನ್ನೊಂದು ಸ್ಕ್ರೀನಿನಲ್ಲಿ ನೋಡಿದ್ದವು. ಎದುರಿನದ್ದು ಯಾವ ಬದಿಯಿಂದ ಹಾದುಹೋಗುತ್ತದೆ ಅಂತ ಒಂದೊಂದೂ ಒಂದೊಂದು ಥರ ಅಂದುಕೊಂಡವು. ಸಮುದ್ರದಲ್ಲಿ ಡಿಕ್ಕಿ ತಪ್ಪಿಸುವ ಅಂತರರಾಷ್ಟ್ರೀಯ ನಿಯಮಗಳ 7ನೇ ನಿಯಮ ಈಗ ಎರಡು ಮಾತು ಹೇಳುತ್ತದೆ. ರೇಡಾರ್ ಇದ್ದು ಕೆಲಸ ಮಾಡುತ್ತಿದ್ದರೆ ಅದನ್ನು ಸರಿಯಾಗಿ ಬಳಸಲೇಬೇಕು. ಅರೆಬರೆ ಮಾಹಿತಿಯ ಮೇಲೆ, ಅದರಲ್ಲೂ ಅರೆಬರೆ ರೇಡಾರ್ ಮಾಹಿತಿಯ ಮೇಲೆ, ಊಹೆ ಮಾಡಬಾರದು. ಹಾಗಾಗಿ ಇದು ಇದ್ದರೆ ಇರಲಿ ಅಂತ ಹಾಕಿಸುವ ವಸ್ತು ಅಲ್ಲ. ಹಾಕಿಸಿದ ದಿನದಿಂದ ಜವಾಬ್ದಾರಿ ಶುರು.

ಮಧ್ಯೆ ಎಐಎಸ್ ಬಂದು ಕೂರುತ್ತದೆ

ಎರಡರ ಜಗಳದಲ್ಲಿ ಮೂರನೆಯದನ್ನು, ಎಐಎಸ್ (ಆಟೋಮ್ಯಾಟಿಕ್ ಐಡೆಂಟಿಫಿಕೇಶನ್ ಸಿಸ್ಟಮ್) ಅನ್ನೋದನ್ನು, ಮರೆಯಬಾರದು. ಅಂತರರಾಷ್ಟ್ರೀಯ ಓಡಾಟದ 300 ಗ್ರಾಸ್ ಟನ್‌ಗೆ (ಇದು ಹಡಗಿನ ಗಾತ್ರದ ಅಳತೆ) ಮೇಲ್ಪಟ್ಟ ಹಡಗುಗಳೆಲ್ಲ ತಮ್ಮ ಹೆಸರು, ಜಾಗ, ದಿಕ್ಕು, ವೇಗವನ್ನು ವಿಎಚ್‌ಎಫ್ ರೇಡಿಯೋದಲ್ಲಿ ಸಾರುತ್ತಿರಬೇಕು ಅಂತ ನಿಯಮ. ಅದನ್ನು ಹಿಡಿಯುವ ಎಐಎಸ್ ರಿಸೀವರ್‌ನ ಬೆಲೆ ರೇಡಾರ್‌ನ ಬೆಲೆಯ ಒಂದು ತುಣುಕು. ನೀವೂ ಕಳಿಸುವಂಥ ಟ್ರಾನ್ಸ್‌ಪಾಂಡರ್‌ಗೆ ಸ್ವಲ್ಪ ಜಾಸ್ತಿ. ಹಾಯಿಕಂಬದ ತುದಿಯ ಆಂಟೆನಾಗೆ ಜೋಡಿಸಿದರೆ 15, 20 ಮೈಲಿ ದೂರದ ಹಡಗು ನಿಮ್ಮಿಂದ ಎಷ್ಟು ದೂರದಲ್ಲಿ, ಎಷ್ಟು ನಿಮಿಷಕ್ಕೆ ಹಾದುಹೋಗುತ್ತದೆ ಅಂತಲೇ ಹೇಳಿಬಿಡುತ್ತದೆ. ದೊಡ್ಡ ಹಡಗುಗಳ ಹೆದರಿಕೆಗಾಗಿ ಮಾತ್ರ ರೇಡಾರ್ ಬೇಕು ಅನ್ನುವವರಿಗೆ ಮುಕ್ಕಾಲು ಪಾಲು ಕೆಲಸ ಇದರಲ್ಲೇ ಮುಗಿಯುತ್ತದೆ.

ಉಳಿದ ಕಾಲು ಪಾಲು ಏನು? ಎಐಎಸ್ ಇಲ್ಲದ ಮೀನುಗಾರರ ದೋಣಿ, ಅದನ್ನು ಬೇಕಂತಲೇ ಆರಿಸಿದವರು, ಬಂಡೆ, ಬೋಯಾ (ನೀರಿನಲ್ಲಿ ತೇಲುವ ಗುರುತು), ಮಳೆ. ಮಾತಾಡದವರನ್ನು ಕಾಣಲು ರೇಡಾರೇ ಬೇಕು.

ಬ್ಯಾಟರಿ ಏನು ಹೇಳುತ್ತದೆ

ಟಿಲ್ಲರ್ ಪೈಲಟ್ ಸರಾಸರಿ ಅರ್ಧದಿಂದ ಒಂದೂವರೆ ಆಂಪಿಯರ್ ಎಳೆಯುತ್ತದೆ. ಡೆಕ್ಕಿನ ಕೆಳಗಿನದ್ದು ಎರಡರಿಂದ ಐದು, ಸಮುದ್ರ ಹೇಗಿದೆ ಅನ್ನೋದರ ಮೇಲೆ. ಹೊಸ ಸಾಲಿಡ್ ಸ್ಟೇಟ್ ರೇಡಾರ್ ಸುಮಾರು 17ರಿಂದ 25 ವ್ಯಾಟ್, ಅಂದರೆ ಒಂದೂವರೆಯಿಂದ ಎರಡು ಆಂಪಿಯರ್. ಹಳೆಯ ಮ್ಯಾಗ್ನೆಟ್ರಾನ್ ಡೋಮ್ ಮೂರು ಆಂಪಿಯರ್ ಹತ್ತಿರ. ಅಂಕಿ ನೋಡಿದರೆ ಹೆಚ್ಚುಕಮ್ಮಿ ಒಂದೇ ಅನಿಸುತ್ತದೆ, ಆದರೆ ಬಳಕೆ ಬೇರೆ. ಆಟೋಪೈಲಟ್ 24 ಗಂಟೆಯೂ ಓಡುತ್ತದೆ. ಎರಡೂವರೆ ಆಂಪಿಯರ್ ಅಂತ ಹಿಡಿದರೂ ದಿನಕ್ಕೆ 60 ಆಂಪಿಯರ್ ಅವರ್. 100 ಆಂಪಿಯರ್ ಅವರ್‌ನ ಮಾಮೂಲಿ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಬಳಸಬಹುದಾದ್ದು ಅರ್ಧ, ಅಂದರೆ ಒಂದು ದಿನಕ್ಕೂ ಸಾಲದು. ರೇಡಾರನ್ನು ಹತ್ತು ನಿಮಿಷಕ್ಕೊಮ್ಮೆ ಎಬ್ಬಿಸಿ, ನಾಲ್ಕು ಸುತ್ತು ನೋಡಿ, ಮತ್ತೆ ಮಲಗಿಸಬಹುದು. ಚುಕ್ಕಾಣಿಯನ್ನು ಹಾಗೆ ಮಲಗಿಸಲಾಗದು.

ಹಾಗಾಗಿ ಡೆಕ್ಕಿನ ಕೆಳಗಿನ ಪೈಲಟ್ ಆರಿಸುವವರು ಸೋಲಾರ್ ಪ್ಯಾನೆಲ್, ಇನ್ನೊಂದು ಬ್ಯಾಟರಿ ಎರಡನ್ನೂ ಅದೇ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು. ಇದನ್ನು ಮರೆತು, ಬೆಳಗಿನ ಜಾವ ನಾಲ್ಕಕ್ಕೆ ಪೈಲಟ್ ಕೀಂಯ್ ಅಂತ ಕೂಗಿ ಕೈಬಿಟ್ಟ ಮೇಲೆ ನೆನಪಿಸಿಕೊಂಡವರಲ್ಲಿ ನಾನೂ ಒಬ್ಬ.

ಹಾಗಾದರೆ ಯಾರಿಗೆ ಯಾವುದು

ಒಬ್ಬರು ಅಥವಾ ಇಬ್ಬರು, ಎಂಟು ಗಂಟೆಗಿಂತ ಜಾಸ್ತಿ ದಾರಿ, ಮಂಜು ಅಪರೂಪ: ಆಟೋಪೈಲಟ್, ಎರಡನೇ ಮಾತಿಲ್ಲ. ಅದು ಕೊಡೋದು ಸುಖ ಅಂತ ಜನ ಹೇಳುತ್ತಾರೆ. ನನ್ನ ಪ್ರಕಾರ ಅದು ಕೊಡೋದು ಕಣ್ಣು. ಕೈ ಬಿಡುವಾದಾಗ ದುರ್ಬೀನು ಹಿಡಿಯಬಹುದು, ನಕ್ಷೆ ನೋಡಬಹುದು, ಹಾಯಿ ಕಡಿಮೆ ಮಾಡಬಹುದು, ತಲೆ ಸುತ್ತ ತಿರುಗಿಸಿ ನೋಡಬಹುದು. ಡಿಕ್ಕಿ ತಪ್ಪಿಸುವ ಆ ನಿಯಮಗಳಲ್ಲಿ 5ನೆಯದು ಕೇಳೋದು ಅದನ್ನೇ, ಕಣ್ಣು ಕಿವಿ ಎರಡನ್ನೂ ತೆರೆದಿಟ್ಟು ಯಾವಾಗಲೂ ನೋಡುತ್ತಿರಬೇಕು. ಅಷ್ಟು ಮಾಡಿ ದುಡ್ಡು ಉಳಿದರೆ ಎಐಎಸ್ ಸೇರಿಸಿ. ಟಿಲ್ಲರ್ ಪೈಲಟ್ ಮತ್ತು ಎಐಎಸ್ ಎರಡೂ ಸೇರಿ ಎಷ್ಟೋ ಸಲ ಒಂದು ರೇಡಾರ್, ಅದರ ಸ್ಕ್ರೀನ್, ಕಂಬ ಇಷ್ಟರ ಖರ್ಚಿಗಿಂತ ಕಡಿಮೆಗೇ ಮುಗಿಯುತ್ತವೆ.

ಮೂರು ನಾಲ್ಕು ಜನ ಚೆನ್ನಾಗಿ ಚುಕ್ಕಾಣಿ ಹಿಡಿಯಬಲ್ಲವರು ಇದ್ದು, ಓಡಾಟ ಮಂಜು ಬೀಳುವ ಕಡೆಯೇ ಆಗಿದ್ದರೆ ನನ್ನ ಉತ್ತರ ಉಲ್ಟಾ. ನಿಮಗೆ ಕೈ ಇದೆ, ಕಣ್ಣಿಲ್ಲ. ರೇಡಾರ್ ತಗೊಳ್ಳಿ. ಒಬ್ಬರು ಚುಕ್ಕಾಣಿಗೆ, ಒಬ್ಬರು ಸ್ಕ್ರೀನಿಗೆ, ಒಬ್ಬರು ಮುಂದೆ ನಿಂತು ಕಿವಿಗೊಡಲಿ. ಸಣ್ಣ ಮೀನುಗಾರರ ದೋಣಿಗಳ ನಡುವೆಯೇ ರಾತ್ರಿ ಹಾದುಹೋಗುವವರಿಗೂ, ಮಳೆಗಾಳಿ ದಿನಾ ರಾತ್ರಿ ಬರುವ ಕಡೆ ಓಡಾಡುವವರಿಗೂ ಇದೇ ಮಾತು ಅರ್ಧದಷ್ಟು ಅನ್ವಯ.

ಮಂಜೂ ಇದೆ, ಇಬ್ಬರೇ ಇದ್ದೀರಿ ಅನ್ನೋದು ಕಷ್ಟದ ಜಾಗ. ಇಲ್ಲಿ ಎರಡೂ ಬೇಕು ಅನ್ನೋದೇ ಸತ್ಯ. ದುಡ್ಡಿಲ್ಲದಿದ್ದರೆ ಅಗ್ಗದ ಟಿಲ್ಲರ್ ಪೈಲಟ್ ಹೊಸದು, ರೇಡಾರ್ ಸೆಕೆಂಡ್ ಹ್ಯಾಂಡ್. ಇದನ್ನು ತಿರುಗುಮುರುಗು ಮಾಡಬೇಡಿ. ಹಳೆಯ ಟಿಲ್ಲರ್ ಪೈಲಟ್ ಒಳಗೆ ಎಷ್ಟು ಉಪ್ಪುನೀರು ಕುಡಿದಿದೆ ಅಂತ ಹೊರಗಿನಿಂದ ಕಾಣದು. ತನ್ನದೇ ಸ್ಕ್ರೀನ್ ಇರುವ ಹಳೆಯ ರೇಡಾರನ್ನು ಮಾತ್ರ ಹಾಕಿ ನೋಡಿಯೇ ತಗೋಬಹುದು. ಮ್ಯಾಗ್ನೆಟ್ರಾನ್ ಎಷ್ಟು ಗಂಟೆ ಓಡಿದೆ ಅಂತ ಅದರ ಮೆನುವಿನಲ್ಲೇ ಸಿಗುತ್ತದೆ. ವೀಲ್ ಇರುವ ದೊಡ್ಡ ದೋಣಿಯಾದರೆ ಈ ಉಪಾಯ ನಡೆಯದು, ಎರಡು ವರ್ಷದಲ್ಲಿ ಎರಡು ಕಂತಾಗಿ ಮಾಡೋದು ವಾಸಿ. ಅಲ್ಲಿಯವರೆಗೆ ಮಂಜು ಬೀಳುವ ದಿನ ಲಂಗರಿನಲ್ಲೇ ಇರಿ, ಖರ್ಚಿಲ್ಲ.

ಬೆಳಗ್ಗೆ ಹೋಗಿ ಸಂಜೆ ಬರುವವರಿಗೆ ಎರಡೂ ಬೇಡ. ಒಂದು ಒಳ್ಳೆಯ ರೇಡಾರ್ ರಿಫ್ಲೆಕ್ಟರ್ ಕಟ್ಟಿಕೊಳ್ಳಿ, ಬೇರೆಯವರ ರೇಡಾರ್‌ಗೆ ನೀವಾದರೂ ಕಾಣುತ್ತೀರಿ.

ಮೊದಲು ಆಟೋಪೈಲಟ್ ಅಂತ ತೀರ್ಮಾನಿಸಿದವರು ಕೊಳ್ಳುವಾಗ ಒಂದು ವಿಷಯ ನೋಡಿ. ಅದರ ದಿಕ್ಕಿನ ಸೆನ್ಸರ್ ಎನ್‌ಎಂಇಎ 2000 ಜಾಲಕ್ಕೆ, ಅಂದರೆ ದೋಣಿಯ ಯಂತ್ರಗಳು ಒಂದಕ್ಕೊಂದು ಮಾಹಿತಿ ಹಂಚಿಕೊಳ್ಳುವ ಕೇಬಲ್ ಜಾಲಕ್ಕೆ, ಮಾಹಿತಿ ಕೊಡುವಂಥದ್ದಾ? ರೇಡಾರ್ ಚಿತ್ರವನ್ನು ನಕ್ಷೆಯ ಮೇಲೆ ಸರಿಯಾಗಿ ಕೂರಿಸಲು, ಎದುರಿನ ದೋಣಿಯ ದಿಕ್ಕು ವೇಗ ಲೆಕ್ಕ ಹಾಕಲು ರೇಡಾರ್‌ಗೆ ಬೇಕಾಗೋದು ಅಂಥದ್ದೇ ಸೆನ್ಸರ್. ಈಗ ಒಂದು ಸಲ ಕೊಂಡರೆ ಆಗ ಮತ್ತೆ ಕೊಳ್ಳಬೇಕಿಲ್ಲ. ಮತ್ತೆ, ಯಾವುದೋ ಬೇರೆ ಕೆಲಸಕ್ಕೆ ಅಂತ ಹಾಯಿಕಂಬ ಇಳಿಸಿದಾಗ ಅದರೊಳಗೆ ಉದ್ದಕ್ಕೂ ಒಂದು ತೆಳು ಹಗ್ಗ ಎಳೆದು, ಎರಡೂ ತುದಿ ಕಟ್ಟಿ ಬಿಟ್ಟಿರಿ. ರೇಡಾರ್ ಬರುವ ವರ್ಷ ಕೇಬಲ್ ಎಳೆಯೋದು ಹತ್ತು ನಿಮಿಷದ ಕೆಲಸ ಆಗುತ್ತದೆ.